ಮೃಗಕ್ಕೆ ಮುಖ ಕೊಟ್ಟವರು

‘ಸುಂದರಿ ಮತ್ತು ಮೃಗ’ದ ಕಥೆ ಕೇಳದವರು ಕಡಿಮೆ. ಆದರೆ ಆ ಮೃಗ ನೋಡಲು ಹೇಗಿತ್ತೆಂದು ಕಥೆಯೊಳಗೆ ಹುಡುಕಿದರೆ ಸಿಗುವುದು ಅಷ್ಟಕ್ಕಷ್ಟೆ. 1740ರಲ್ಲಿ ಫ್ರಾನ್ಸಿನ ಮದಾಮ್ ದ ವಿಲ್‌ನವ್ ಅದನ್ನು ಉದ್ದವಾಗಿ ಬರೆದಾಗ ಮೃಗಕ್ಕೆ ಆನೆಯಂಥ ಸೊಂಡಿಲಿತ್ತು, ನಡೆದರೆ ಸದ್ದು ಮಾಡುವ ಹುರುಪೆಗಳಿದ್ದವು. 1756ರಲ್ಲಿ ಮದಾಮ್ ಲ ಪ್ರಾನ್ಸ್ ದ ಬೋಮೋಂ ಮಕ್ಕಳಿಗಾಗಿ ಕಥೆಯನ್ನು ಮೊಟಕು ಮಾಡಿದರು. ಸೊಂಡಿಲು ಹೋಯಿತು, ಹುರುಪೆ ಹೋಯಿತು, ಭಯಂಕರ ಎನ್ನುವ ಮಾತೊಂದು ಉಳಿಯಿತು. ಮುಂದೆ ಯುರೋಪಿನ ಮನೆಮನೆ ಸುತ್ತಿದ್ದು ಈ ಮೊಟಕು ರೂಪವೇ. ಹೀಗಾಗಿ 1870ರ ದಶಕದ ನಡುವೆ ಇಂಗ್ಲೆಂಡಿನ ಇಬ್ಬರು ಚಿತ್ರಕಾರರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅದನ್ನು ಬಣ್ಣದಲ್ಲಿ ಬರೆಯಲು ಕೂತಾಗ ಎರಡು ಬೇರೆ ಬೇರೆ ಪ್ರಾಣಿಗಳೇ ಹುಟ್ಟಿದವು. ವಾಲ್ಟರ್ ಕ್ರೇನರ ಮೃಗಕ್ಕೆ ಕಾಡುಹಂದಿಯ ಮೋರೆ, ಸೀಳುಗೊರಸಿನ ಕಾಲು. ಆಸ್ಥಾನದ ಉಡುಪು ತೊಟ್ಟು, ಒಂದೇ ಕಣ್ಣಿನ ಕನ್ನಡಕ ಸಿಕ್ಕಿಸಿಕೊಂಡು ಸುಂದರಿಯ ಪಕ್ಕ ಠೀವಿಯಿಂದ ಕೂತಿದೆ. ಎಲಿನಾರ್ ವೆರ್ ಬಾಯ್ಲ್ 1875ರಲ್ಲಿ ಬರೆದದ್ದು ಕಡಲಸಿಂಹವನ್ನು ಹೋಲುವ, ಕೋರೆಹಲ್ಲಿನ, ಕಪ್ಪು ಮೈಯ ಪ್ರಾಣಿ. ಅದನ್ನು ಕಂಡರೆ ಹೆದರಿಕೆಗಿಂತ ಹೆಚ್ಚಾಗಿ ಅಯ್ಯೋ ಎನಿಸುತ್ತದೆ.

ಯುರೋಪಿನ ಹಳೆಯ ಕಿನ್ನರ ಕಥೆಗಳ ಗುಣವೇ ಇದು. ಅವು ಏನಾಯಿತೆಂದು ಹೇಳುತ್ತವೆ, ಹೇಗೆ ಕಾಣುತ್ತಿತ್ತೆಂದು ಹೇಳುವುದಿಲ್ಲ. ಗ್ರಿಮ್ ಸಹೋದರರ ಹಿಮಬಾಲೆಯ ಬಗ್ಗೆ ಓದುಗನಿಗೆ ಸಿಗುವುದು ಬಿಳಿ, ಕೆಂಪು, ಕಪ್ಪು ಎಂಬ ಮೂರು ಬಣ್ಣ. ಅವಳ ಏಳು ಕುಳ್ಳರಿಗೆ ಹೆಸರಿಲ್ಲ, ಮುಖಲಕ್ಷಣವಿಲ್ಲ. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯ ಮಾಟಗಾತಿಗೆ ಕೆಂಪು ಕಣ್ಣು ಮತ್ತು ಊರುಗೋಲು ಉಂಟು, ಚೂಪು ಟೋಪಿ ಇಲ್ಲ. ನಮ್ಮ ಕಣ್ಣಮುಂದೆ ಬರುವ ಬಾಗಿದ ಮೂಗು, ಬೇರುಗಳನ್ನು ಬೆರಳಿನಂತೆ ಚಾಚುವ ಮರ, ಆಕಾಶಕ್ಕೆ ಏರಿದ ಗೋಪುರದ ಅರಮನೆ — ಇವನ್ನೆಲ್ಲ ಕಥೆಗೆ ಸೇರಿಸಿದವರು ಚಿತ್ರಕಾರರು. ಏನನ್ನು ಸೇರಿಸಬಹುದು, ಏನನ್ನು ಕೂಡದು ಎಂದು ನಿಶ್ಚಯಿಸಿದ್ದು ಬಹುಮಟ್ಟಿಗೆ ಅಚ್ಚಿನ ಯಂತ್ರ. ನಮ್ಮ ಮನೆಗಳ ಲಕ್ಷ್ಮಿ, ಸರಸ್ವತಿಯರಿಗೆ ರವಿವರ್ಮ ಪ್ರೆಸ್ಸಿನ ಪಟಗಳು ಒಂದು ಮುಖ ಕೊಟ್ಟ ಹಾಗೆ, ಅದೇ ಆಸುಪಾಸಿನ ವರ್ಷಗಳಲ್ಲಿ ಲಂಡನ್ನಿನ ಕೆಲವು ಪ್ರಕಾಶಕರು ಮತ್ತು ಬ್ಲಾಕ್ ಮಾಡುವವರು ಸೇರಿ ಕಿನ್ನರ ಲೋಕಕ್ಕೊಂದು ಮುಖ ಕೊಟ್ಟರು.

ಬಣ್ಣದ ಚಿತ್ರವಿರುವ ಕಿನ್ನರ ಕಥೆಗಳಿಗೆ ಅದಕ್ಕಿಂತ ಹಳೆಯ ಉದಾಹರಣೆಯೂ ಇದೆ. ಆದರೆ ಅದು ಒಂದೇ ಒಂದು ಪ್ರತಿ. ಷಾರ್ಲ್ ಪೆರೊ ತಮ್ಮ ಕಥೆಗಳನ್ನು 1697ರಲ್ಲಿ ಅಚ್ಚು ಹಾಕಿಸುವುದಕ್ಕೆ ಎರಡು ವರ್ಷ ಮೊದಲು, 1695ರಲ್ಲಿ, ಹದಿನಾಲ್ಕನೆಯ ಲೂಯಿ ದೊರೆಯ ತಮ್ಮನ ಮಗಳಿಗೆ ಅರ್ಪಿಸಿದ ಕೈಬರಹದ ಪುಸ್ತಕವೊಂದು ಸಿದ್ಧವಾಗಿತ್ತು. ಅದರಲ್ಲಿ ಐದು ಕಥೆಗಳಿದ್ದವು, ಕಥೆಯ ತಲೆಯಲ್ಲಿ ಕೈಯಿಂದಲೇ ಬಣ್ಣ ತುಂಬಿದ ಪುಟ್ಟ ಚಿತ್ರ. ಕೆಂಪು ಟೋಪಿಯ ಹುಡುಗಿಯ ಕಥೆಗೆ ಹಾಸಿಗೆಯ ಮೇಲೆರಗಿದ ತೋಳದ ಚಿತ್ರವನ್ನೇ ಆರಿಸಿದ್ದರು. ಇವತ್ತು ಆ ಪುಸ್ತಕ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. 1697ರ ಅಚ್ಚಿನ ಪುಸ್ತಕಕ್ಕೆ ಆ ಚಿತ್ರಗಳು ಕಪ್ಪು ಕೆತ್ತನೆಯಾಗಿ ಇಳಿದವು. ರಾಜಕುಮಾರಿಗೆ ಬಣ್ಣ, ಮಿಕ್ಕವರಿಗೆ ಮಸಿ. ಈ ವ್ಯವಸ್ಥೆ ಇನ್ನೂ ನೂರೈವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು.

1812ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹೊರಬಂದ ಗ್ರಿಮ್ ಸಹೋದರರ ಮೊದಲ ಸಂಪುಟದಲ್ಲಂತೂ ಕಥೆಗೊಂದು ಚಿತ್ರವೂ ಇರಲಿಲ್ಲ. ಯಾಕೊಬ್ ಮತ್ತು ವಿಲ್‌ಹೆಲ್ಮ್ ಇಬ್ಬರೂ ವಿದ್ವಾಂಸರು. ಅವರಿಗೆ ಬೇಕಾಗಿದ್ದದ್ದು ಜನಪದ ಸಂಗ್ರಹ ಮತ್ತು ಟಿಪ್ಪಣಿ. 1823ರಲ್ಲಿ ಎಡ್ಗರ್ ಟೇಲರ್ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಷಾಂಕ್ ಕುಣಿಯುವ, ಪಲ್ಟಿ ಹೊಡೆಯುವ ಕುಳ್ಳರನ್ನು ತಾಮ್ರದ ತಗಡಿನ ಮೇಲೆ ಗೀರಿಕೊಟ್ಟರು. ಇಂಗ್ಲೆಂಡಿನ ಜನ ಮುಗಿಬಿದ್ದು ಕೊಂಡರು. ಸುದ್ದಿ ಜರ್ಮನಿಗೆ ಮುಟ್ಟಿತು. 1825ರಲ್ಲಿ ಗ್ರಿಮ್ ಸಹೋದರರು ಐವತ್ತು ಕಥೆಗಳನ್ನಷ್ಟೇ ಆರಿಸಿ ‘ಚಿಕ್ಕ ಆವೃತ್ತಿ’ ತಂದರು. ಅದಕ್ಕೆ ಏಳು ಚಿತ್ರ ಬರೆದವನು ಅವರ ತಮ್ಮನೇ, ಲುಡ್‌ವಿಗ್ ಎಮಿಲ್. ದೊಡ್ಡ ಸಂಪುಟಗಳಿಗೆ ಸಿಗದ ಓದುಗರು ಈ ಚಿಕ್ಕದಕ್ಕೆ ಸಿಕ್ಕರು.

ಪ್ಯಾರಿಸ್ಸಿನಲ್ಲಿ ಗುಸ್ತಾವ್ ಡೋರೆ 1862ರಲ್ಲಿ ಪೆರೊ ಕಥೆಗಳಿಗೆ ಬರೆದ ಭಾರೀ ಚಿತ್ರಗಳನ್ನು ಇಲ್ಲಿ ಮರೆಯುವಂತಿಲ್ಲ. ಅಜ್ಜಿಯ ಟೋಪಿ ತೊಟ್ಟು ಹೊದಿಕೆಯೊಳಗೆ ಮಲಗಿರುವ ತೋಳ, ಪಕ್ಕದಲ್ಲಿ ಅದನ್ನು ವಾರೆನೋಟದಲ್ಲಿ ನೋಡುತ್ತಿರುವ ಹುಡುಗಿ — ಮುಂದಿನವರು ಯಾರೂ ಈ ಚಿತ್ರದ ಹಿಡಿತದಿಂದ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ಆದರೆ ಅದೂ ಮರದ ಕೆತ್ತನೆಯ ಕಪ್ಪುಬಿಳುಪು.

ಬಣ್ಣವನ್ನು ಸಾಮಾನ್ಯ ಮಕ್ಕಳ ಕೈಗೆ ತಂದವರು ಚಿತ್ರಕಾರರಿಗಿಂತ ಮೊದಲು ಒಬ್ಬ ಮುದ್ರಕರು, ಲಂಡನ್ನಿನ ಎಡ್ಮಂಡ್ ಇವಾನ್ಸ್. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಬ್ಲಾಕು ಕೆತ್ತಿ, ಒಂದರ ಮೇಲೊಂದು ಕರಾರುವಾಕ್ಕಾಗಿ ಒತ್ತುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. 1865ರಿಂದ ಸುಮಾರು ಹತ್ತು ವರ್ಷ ಇವಾನ್ಸ್‌ಗಾಗಿ ಕ್ರೇನ್ ತೆಳು ಪುಸ್ತಕಗಳ ಸಾಲನ್ನೇ ಬರೆದರು. ಬೆಲೆ ಆರು ಪೆನ್ಸ್, ದೊಡ್ಡವಕ್ಕೆ ಒಂದು ಶಿಲ್ಲಿಂಗ್. ಮರದ ಅಚ್ಚಿನಲ್ಲಿ ಬಣ್ಣ ಹರಡಿಕೊಳ್ಳುವುದಿಲ್ಲ. ಹಾಕಿದ ಕಡೆ ಸಪಾಟಾಗಿ ನಿಲ್ಲುತ್ತದೆ. ಆ ಮಿತಿಯನ್ನೇ ಕ್ರೇನ್ ಜಾಣತನದಿಂದ ಬಳಸಿಕೊಂಡರು. ಜಪಾನಿನ ಮರದಚ್ಚಿನ ಚಿತ್ರಗಳನ್ನು ನೋಡಿ ದಪ್ಪ ಕಪ್ಪು ಗೆರೆ, ನೆರಳಿಲ್ಲದ ಬಣ್ಣ ಕಲಿತರು. 1874ರ ‘ಕಪ್ಪೆ ರಾಜಕುಮಾರ’ದಲ್ಲಿ ಕಪ್ಪೆಯಷ್ಟೇ ಮುತುವರ್ಜಿಯಿಂದ ನೆಲದ ಹಾಸು, ಮೇಜು, ಪಾತ್ರೆಗಳನ್ನೂ ಬರೆದಿದ್ದಾರೆ. ಮನೆ ಅಲಂಕಾರದ ಮಾದರಿಗಾಗಿ ದೊಡ್ಡವರೇ ಆ ಮಕ್ಕಳ ಪುಸ್ತಕಗಳನ್ನು ನೋಡುತ್ತಿದ್ದರಂತೆ, ನೋಡಿದರೆ ಆಶ್ಚರ್ಯವಿಲ್ಲ. ಆದರೆ ಚಿತ್ರಗಳನ್ನು ಒಂದೇ ಸಲಕ್ಕೆ ಮಾರಿಬಿಟ್ಟಿದ್ದರಿಂದ ಪುಸ್ತಕ ಎಷ್ಟು ಖರ್ಚಾದರೂ ಕ್ರೇನರಿಗೆ ಗೌರವಧನ ಬರಲಿಲ್ಲ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕೆತ್ತನೆಗಾರನ ಕೆಲಸವನ್ನು ಕ್ಯಾಮೆರಾ ಕಿತ್ತುಕೊಂಡಿತು. ಮೂಲ ಚಿತ್ರವನ್ನು ಬಣ್ಣದ ಫಿಲ್ಟರುಗಳ ಮೂಲಕ ಮೂರು ಸಲ ಫೋಟೊ ತೆಗೆಯುವುದು. ಗೆರೆಗಳ ಜಾಲರಿಯಿರುವ ಗಾಜಿನಿಂದ ಅದನ್ನು ಸಣ್ಣ ಚುಕ್ಕೆಗಳಾಗಿ ಒಡೆಯುವುದು. ಹಳದಿ, ಕೆಂಪು, ನೀಲಿಗೆ ಒಂದೊಂದು ಲೋಹದ ಬ್ಲಾಕು ಮಾಡಿ ಒಂದರ ಮೇಲೊಂದು ಒತ್ತುವುದು. ಇದೇ ತ್ರಿವರ್ಣ ಹಾಫ್‌ಟೋನ್. ಲಂಡನ್ನಿನಲ್ಲಿ ಕಾರ್ಲ್ ಹೆಂಟ್ಷೆಲ್‌ರ ಕಾರ್ಯಾಗಾರ ಇದರಲ್ಲಿ ಹೆಸರಾಗಿತ್ತು. ಜಲವರ್ಣದ ತೆಳು ಲೇಪ, ಕುಂಚದ ಒದ್ದೆ ಅಂಚು, ಮಂಜು, ಮುಸ್ಸಂಜೆ — ಮರದ ಬ್ಲಾಕಿಗೆ ಒಲಿಯದ ಇವೆಲ್ಲ ಈಗ ಪುಟಕ್ಕೆ ಬರತೊಡಗಿದವು.

ಒಂದು ತೊಡಕಿತ್ತು. ಆ ಸಣ್ಣ ಚುಕ್ಕೆಗಳು ನುಣುಪಾದ ಆರ್ಟ್ ಪೇಪರಿನ ಮೇಲೆ ಮಾತ್ರ ಸರಿಯಾಗಿ ಕೂರುತ್ತಿದ್ದವು. ಪುಸ್ತಕದ ಪಠ್ಯಕ್ಕೆ ಚೆಂದ ಕಾಣುವುದು ದಪ್ಪನೆಯ ಒರಟು ಕಾಗದ. ಹಾಗಾಗಿ ಚಿತ್ರಗಳನ್ನು ಬೇರೆಯಾಗಿ ಅಚ್ಚು ಹಾಕಿ, ಕತ್ತರಿಸಿ, ಬಣ್ಣದ ದಪ್ಪ ಹಾಳೆಯ ಮೇಲೆ ಒಂದು ಅಂಚಿಗಷ್ಟೇ ಗೋಂದು ಹಚ್ಚಿ ಅಂಟಿಸಬೇಕಾಯಿತು. ಮೇಲೊಂದು ತೆಳ್ಳನೆಯ ಪಾರದರ್ಶಕ ಹಾಳೆ, ಅದರ ಮೇಲೆ ಚಿತ್ರದ ವಿವರ. ಓದುಗ ಕಥೆಯ ನಡುವೆ ನಿಂತು, ಆ ಹಾಳೆಯನ್ನು ಮೆಲ್ಲಗೆ ಎತ್ತಿ ಚಿತ್ರ ನೋಡಬೇಕು. ಯಂತ್ರದ ಅನನುಕೂಲವೊಂದು ಹೀಗೆ ವೈಭವದ ಗುರುತಾಯಿತು. ಪ್ರಕಾಶಕರು ಇದಕ್ಕೆ ‘ಉಡುಗೊರೆ ಪುಸ್ತಕ’ ಎಂದು ಹೆಸರಿಟ್ಟು ಕ್ರಿಸ್‌ಮಸ್ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟರು.

ಈ ಯಂತ್ರಕ್ಕೆ ತಕ್ಕ ಕೈ ಆರ್ಥರ್ ರ‍್ಯಾಕಮ್ ಅವರದು. 1867ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಹಲವು ವರ್ಷ ವೆಸ್ಟ್‌ಮಿನ್‌ಸ್ಟರ್ ಫೈರ್ ಆಫೀಸ್ ಎಂಬ ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ, ಸಂಜೆ ಲ್ಯಾಂಬೆತ್ ಕಲಾಶಾಲೆಗೆ ಹೋಗಿ ಕಲಿತರು. 1900ರಲ್ಲಿ ಗ್ರಿಮ್ ಕಥೆಗಳಿಗೆ ಬರೆದ ಚಿತ್ರಗಳು ಹೆಚ್ಚಾಗಿ ಮಸಿಯ ರೇಖೆಗಳೇ. 1905ರಲ್ಲಿ ‘ರಿಪ್ ವಾನ್ ವಿಂಕಲ್’ಗೆ 51 ಬಣ್ಣದ ಚಿತ್ರ ಬರೆದು, ಲೆಸ್ಟರ್ ಗ್ಯಾಲರಿಯಲ್ಲಿ ಮೂಲಚಿತ್ರಗಳ ಪ್ರದರ್ಶನ ಏರ್ಪಟ್ಟಾಗ ಅವರ ದೆಸೆ ತಿರುಗಿತು. ಬೆನ್ನಿಗೇ ಜೆ. ಎಂ. ಬ್ಯಾರಿಯವರ ‘ಕೆನ್ಸಿಂಗ್ಟನ್ ತೋಟದಲ್ಲಿ ಪೀಟರ್ ಪ್ಯಾನ್’ ಬಂತು. 1909ರಲ್ಲಿ ಹಳೆಯ ಗ್ರಿಮ್ ಚಿತ್ರಗಳನ್ನೇ ಮತ್ತೆ ಕೈಗೆತ್ತಿಕೊಂಡು, ಕೆಲವಕ್ಕೆ ಬಣ್ಣ ತುಂಬಿ, ಕೆಲವನ್ನು ಹೊಸದಾಗಿ ಬರೆದು 40 ಬಣ್ಣದ ಪುಟಗಳ ಆವೃತ್ತಿ ಮಾಡಿದರು.

ಅವರ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಮೊದಲು ಪೆನ್ಸಿಲ್, ಅದರ ಮೇಲೆ ಮಸಿಯ ರೇಖೆ, ಆಮೇಲೆ ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ನೀರುನೀರಾದ ಬಣ್ಣ. ಮೂರು ಬ್ಲಾಕುಗಳು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಆ ರೇಖೆ ಆಕಾರವನ್ನು ಹಿಡಿದು ನಿಲ್ಲಿಸುತ್ತಿತ್ತು. ಒಣ ಎಲೆಯ ಕಂದು, ಪಾಚಿಯ ಹಸಿರು, ಬೂದಿ ಇವೇ ಅವರ ಬಣ್ಣಗಳು. ರ‍್ಯಾಕಮ್ ಕಾಡಿನಲ್ಲಿ ಮರಗಳಿಗೆ ಕಣ್ಣು, ಮೂಗು, ಗಂಟುಗಂಟಾದ ಕೈ ಇರುತ್ತವೆ. ದಾರಿ ತಪ್ಪಿದ ಮಗುವನ್ನು ಅವು ಗಮನಿಸುತ್ತಿರುತ್ತವೆ. ಗ್ರಿಮ್ ಕಥೆಗಳ ಒಳಗಿನ ಹಸಿವು ಮತ್ತು ಕ್ರೌರ್ಯವನ್ನು ಅವರಷ್ಟು ಚೆನ್ನಾಗಿ ಅರಿತವರು ಕಡಿಮೆ. ಅವರ ರಾಜಕುಮಾರಿಯರು ಮಾತ್ರ ಇಂಗ್ಲೆಂಡಿನ ಅಚ್ಚುಕಟ್ಟಾದ ಹುಡುಗಿಯರು. ಮಾಟಗಾತಿಯರ ಮುಂದೆ ಸಪ್ಪೆ.

‘ಪೀಟರ್ ಪ್ಯಾನ್’ ಪ್ರಕಟಿಸಿದ್ದ ಹಾಡರ್ ಅಂಡ್ ಸ್ಟಾಟನ್ ಸಂಸ್ಥೆಗೆ ರ‍್ಯಾಕಮ್ ದಕ್ಕಲಿಲ್ಲ. ಅವರ ಮುಂದಿನ ಕೆಲಸಗಳು ಹೆಚ್ಚಾಗಿ ಹೈನ್‌ಮನ್ ಪಾಲಾದವು. ಹಾಡರ್ ಸಂಸ್ಥೆಗೆ ಬದಲಿಗೆ ಸಿಕ್ಕವರು ಎಡ್ಮಂಡ್ ಡ್ಯುಲಾಕ್. 1882ರಲ್ಲಿ ಫ್ರಾನ್ಸಿನ ತುಲೂಸ್ ಪಟ್ಟಣದಲ್ಲಿ ಹುಟ್ಟಿ, ಕಾನೂನು ಓದಲು ಹೋಗಿ, ಬೇಸತ್ತು ಚಿತ್ರಶಾಲೆ ಸೇರಿ ಲಂಡನ್ನಿಗೆ ಬಂದವರು. ಅಷ್ಟರಲ್ಲಿ ಮುದ್ರಕರ ಕೈ ಪಳಗಿತ್ತು, ಬ್ಲಾಕುಗಳು ನಿಖರವಾಗಿ ಕೂರುತ್ತಿದ್ದವು. ಡ್ಯುಲಾಕ್‌ಗೆ ರೇಖೆಯ ಆಸರೆ ಬೇಕಾಗಲಿಲ್ಲ, ಬಣ್ಣದಿಂದಲೇ ಆಕಾರ ಕಟ್ಟಿದರು. 1907ರ ‘ಅರೇಬಿಯನ್ ನೈಟ್ಸ್’, 1910ರ ‘ಮಲಗಿದ ಸುಂದರಿ’, 1911ರ ಆಂಡರ್‌ಸನ್ ಕಥೆಗಳು — ಮೂರರಲ್ಲೂ ನೀಲಿಯದೇ ರಾಜ್ಯ. ರಾತ್ರಿಯ ನೀಲಿ, ಮಂಜಿನ ನೀಲಿ, ಕಡಲಾಳದ ನೀಲಿ. ಹಾಸಿಗೆಗಳ ಮೇಲೆ ಹಾಸಿಗೆ ಒಟ್ಟಿದ ಎತ್ತರದಲ್ಲಿ ನಿದ್ದೆಗೆಟ್ಟ ರಾಜಕುಮಾರಿಯ ಅವರ ಚಿತ್ರ, ಬಟಾಣಿ ಕಾಳಿನ ಕಥೆಗೆ ಇವತ್ತಿಗೂ ಎಲ್ಲರೂ ಎತ್ತಿ ತೋರಿಸುವ ಚಿತ್ರ. ಪರ್ಷಿಯಾದ ಕಿರುಚಿತ್ರಗಳನ್ನು ಅವರು ಪ್ರೀತಿಯಿಂದ ಅಭ್ಯಾಸ ಮಾಡಿದ್ದರು. ಆ ಪ್ರಭಾವ ವರ್ಷದಿಂದ ವರ್ಷಕ್ಕೆ ಗಾಢವಾಯಿತು.

ವ್ಯವಹಾರವೂ ಚೊಕ್ಕವಾಗಿತ್ತು. ಮೂಲಚಿತ್ರಗಳು ಗ್ಯಾಲರಿಯ ಗೋಡೆಗೆ, ಅಚ್ಚಿನ ಹಕ್ಕು ಪ್ರಕಾಶಕರಿಗೆ. ಪ್ರದರ್ಶನ ಪುಸ್ತಕಕ್ಕೆ ಜಾಹೀರಾತು, ಪುಸ್ತಕ ಪ್ರದರ್ಶನಕ್ಕೆ ಜಾಹೀರಾತು. ಚಿತ್ರಕಾರರ ಸಹಿಯಿರುವ, ಎಣಿಸಿ ಅಚ್ಚು ಹಾಕಿದ ದುಬಾರಿ ಪ್ರತಿಗಳು ಬೇರೆ. ‘ಪೀಟರ್ ಪ್ಯಾನ್’ನ ಸಾಮಾನ್ಯ ಪ್ರತಿಯ ಬೆಲೆಯೇ 15 ಶಿಲ್ಲಿಂಗ್, ಅಂದರೆ ಕ್ರೇನರ ಆರು ಪೆನ್ಸಿನ ಪುಸ್ತಕದ ಮೂವತ್ತು ಪಟ್ಟು. ಮಕ್ಕಳ ಹೆಸರಿನಲ್ಲಿ ಬಂದ ಈ ಪುಸ್ತಕಗಳು ಬೈಠಕ್‌ಖಾನೆಯ ಮೇಜಿನ ಮೇಲೆ ಇದ್ದದ್ದೇ ಹೆಚ್ಚು. ಕೈ ತೊಳೆದುಕೊಂಡು ಬಂದ ಮಗುವಿಗೆ ಮಾತ್ರ ದರ್ಶನ.

ಇದೇ ಹೊತ್ತಿಗೆ ರಷ್ಯದಲ್ಲಿ ಬೇರೆಯದೇ ದಾರಿಯಲ್ಲಿ ಕೆಲಸ ನಡೆದಿತ್ತು. ಇವಾನ್ ಬಿಲೀಬಿನ್ ಕೂಡ ಕಾನೂನು ಓದಿದವರು; ಈ ಕಥೆಗಳಿಗೂ ವಕೀಲಿಕೆ ತಪ್ಪಿಸಿಕೊಂಡವರಿಗೂ ಏನೋ ನಂಟು. 1901ರಿಂದ 1903ರವರೆಗೆ ಅವರ ಆರು ತೆಳು ಪುಸ್ತಕಗಳನ್ನು ಅಚ್ಚು ಹಾಕಿದ್ದು ಸರ್ಕಾರದ ನೋಟು ಮುದ್ರಣಾಲಯ. ಹಣದ ನೋಟಿಗೆ ಬೇಕಾದ ಶಿಸ್ತು ಆ ಪುಟಗಳಲ್ಲಿ ಕಾಣುತ್ತದೆ. ಗಾಜಿನ ಕಿಟಕಿಯಲ್ಲಿರುವಂತೆ ಪ್ರತಿ ಬಣ್ಣದ ಸುತ್ತ ಗಟ್ಟಿ ರೇಖೆ, ಚಿತ್ರದ ಸುತ್ತ ಅಣಬೆ, ಗೂಬೆ, ಕಸೂತಿಯ ಅಂಚು. ಉರಿಯುವ ಕಣ್ಣಿನ ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿ ಹಿಡಿದು ಕಾಡಿನಲ್ಲಿ ಬರುತ್ತಿರುವ ವಾಸಿಲಿಸಾ, ಒರಳಿನಲ್ಲಿ ಕೂತು ಹಾರುವ ಮಾಟಗಾತಿ ಬಾಬಾ ಯಾಗಾ — ರಷ್ಯದ ಜನಪದಕ್ಕೆ ಇವು ಇಂದಿಗೂ ಅಧಿಕೃತ ರೂಪಗಳೇ. ಆಮೇಲೆ ಬಿಲೀಬಿನ್ ಉತ್ತರದ ಹಳ್ಳಿಗಳನ್ನು ಸುತ್ತಿ ಮರದ ಗುಡಿ, ಉಡುಪು, ಕೆತ್ತನೆಗಳನ್ನು ದಾಖಲಿಸಿದರು. 1905ರ ಕ್ರಾಂತಿಯ ದಿನಗಳಲ್ಲಿ ಪತ್ರಿಕೆಯೊಂದಕ್ಕೆ ಝಾರ್ ದೊರೆಯನ್ನು ರಾಜವೈಭವದ ಚೌಕಟ್ಟಿನೊಳಗೆ ಕತ್ತೆಯಾಗಿ ಬರೆದು ಪೊಲೀಸರ ವಶಕ್ಕೂ ಸಿಕ್ಕಿದರು. 1917ರಲ್ಲಿ ಅವರು ಬಿಡಿಸಿದ ಎರಡು ತಲೆಯ ಹದ್ದು ಇಂದು ರಷ್ಯದ ಕೇಂದ್ರ ಬ್ಯಾಂಕಿನ ಲಾಂಛನ. ಈಜಿಪ್ಟ್, ಪ್ಯಾರಿಸ್ ಸುತ್ತಿ 1936ರಲ್ಲಿ ತಾಯ್ನಾಡಿಗೆ ಮರಳಿದ ಅವರು 1942ರ ಫೆಬ್ರವರಿಯಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯ ನಡುವೆ ಅನ್ನವಿಲ್ಲದೆ ಸತ್ತರು.

ಸ್ವೀಡನ್ನಿನ ಜಾನ್ ಬಾವರ್ ಅವರದೂ ದಾರುಣ ಅಂತ್ಯವೇ. 1907ರಲ್ಲಿ ಶುರುವಾದ ‘ಕುಳ್ಳರು ಮತ್ತು ಟ್ರೋಲ್‌ಗಳ ನಡುವೆ’ ಎಂಬ ಕ್ರಿಸ್‌ಮಸ್ ವಾರ್ಷಿಕಕ್ಕೆ ಅವರು ಬರೆದ ಟ್ರೋಲ್‌ಗಳು ಬಂಡೆಯಿಂದಲೇ ಎದ್ದು ಬಂದಂತಿವೆ: ದೊಡ್ಡ ಮೂಗು, ಪೆದ್ದು ಕಣ್ಣು, ಮೈಮೇಲೆ ಪಾಚಿ. ಆ ಕಗ್ಗಾಡಿನ ಕಪ್ಪಿನಲ್ಲಿ ಬೆಳ್ಳಗೆ ಹೊಳೆಯುವುದು ಪುಟ್ಟ ರಾಜಕುಮಾರಿ ಒಬ್ಬಳೇ. 1918ರ ನವೆಂಬರ್ 20ರಂದು ಬಾವರ್, ಹೆಂಡತಿ ಎಸ್ಟರ್ ಮತ್ತು ಪುಟ್ಟ ಮಗ ಹೊಸ ಮನೆಗೆಂದು ಸ್ಟಾಕ್‌ಹೋಮ್ ಕಡೆ ಹೊರಟಿದ್ದರು. ಕೆಲವೇ ವಾರಗಳ ಹಿಂದೆ ಭೀಕರ ರೈಲು ಅಪಘಾತವಾಗಿತ್ತಾದ್ದರಿಂದ ‘ಪೆರ್ ಬ್ರಾಹೆ’ ಎಂಬ ಹಡಗು ಹತ್ತಿದರು. ವೆಟ್ಟರ್ನ್ ಸರೋವರದ ಬಿರುಗಾಳಿಗೆ ಹಡಗು ಮುಳುಗಿತು. ಹಡಗಿನಲ್ಲಿದ್ದ 24 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಉಡುಗೊರೆ ಪುಸ್ತಕಗಳ ಮಟ್ಟಿಗೆ ಎಲ್ಲಕ್ಕಿಂತ ಚೆಲುವಾದದ್ದು ಬಂದದ್ದು ಸಮಯ ತಪ್ಪಿ. ಡೆನ್ಮಾರ್ಕಿನ ಕೇ ನೀಲ್ಸನ್ ರಂಗಭೂಮಿಯ ಮನೆತನದವರು: ತಾಯಿ ಓಡಾ ಹೆಸರಾಂತ ನಟಿ, ತಂದೆ ನಾಟಕಶಾಲೆಯ ನಿರ್ದೇಶಕ. ನೀಲ್ಸನ್ ಪುಟವನ್ನು ರಂಗದ ಹಾಗೆಯೇ ಕಾಣುತ್ತಾರೆ. ವಿಶಾಲವಾದ ಖಾಲಿ ಆಕಾಶ, ಕೆಳಗೆ ಕಡ್ಡಿಯಂತೆ ನೀಳವಾದ ಮನುಷ್ಯರು, ನಕ್ಷತ್ರಗಳನ್ನು ಹೆಣೆದಂಥ ಬಟ್ಟೆ. ನಾರ್ವೆಯ ಕಥೆಗಳ ‘ಸೂರ್ಯನ ಮೂಡಣಕ್ಕೆ, ಚಂದ್ರನ ಪಡುವಣಕ್ಕೆ’ ಪುಸ್ತಕಕ್ಕೆ ಅವರು ಬರೆದ 25 ಬಣ್ಣದ ಚಿತ್ರಗಳನ್ನು ಮೂರರ ಬದಲು ನಾಲ್ಕು ಬಣ್ಣದಲ್ಲಿ ಅಚ್ಚು ಹಾಕಿದರು. ಬಿಳಿ ಕರಡಿಯ ಬೆನ್ನೇರಿ ಹೊರಟ ಹುಡುಗಿಯ ಚಿತ್ರವೊಂದೇ ಸಾಕು, ಈ ಕಾಲದ ಶಿಖರ ಇದೆನ್ನಲು. ಪುಸ್ತಕ ಹೊರಬಂದದ್ದು 1914ರಲ್ಲಿ. ಆ ವರ್ಷದ ಕ್ರಿಸ್‌ಮಸ್‌ಗೆ ಯುರೋಪಿನ ಗಂಡಸರು ಕಂದಕಗಳಲ್ಲಿದ್ದರು.

ಯುದ್ಧ ಕಾಲದಲ್ಲಿ ಉಡುಗೊರೆ ಪುಸ್ತಕ ದಾನದ ಪುಸ್ತಕವಾಯಿತು. 1914ರ ಕೊನೆಗೆ ಸಹಾಯನಿಧಿಗಾಗಿ ಬಂದ ‘ರಾಜಕುಮಾರಿ ಮೇರಿಯ ಉಡುಗೊರೆ ಪುಸ್ತಕ’ದಲ್ಲಿ ರ‍್ಯಾಕಮ್, ಡ್ಯುಲಾಕ್ ಇಬ್ಬರ ಚಿತ್ರಗಳೂ ಇದ್ದವು. ಅವಕ್ಕಿಂತ ಹೆಚ್ಚು ಸುದ್ದಿ ಮಾಡಿದ್ದು ಕ್ಲಾಡ್ ಷೆಪರ್ಸನ್ ಬರೆದಿದ್ದ, ಆಗ ಯಾರೂ ಅಷ್ಟಾಗಿ ಗಮನಿಸದಿದ್ದ ನರ್ತಿಸುವ ಹುಡುಗಿಯರ ಚಿತ್ರ. 1917ರಲ್ಲಿ ಯಾರ್ಕ್‌ಷೈರಿನ ಕಾಟಿಂಗ್ಲಿ ಹಳ್ಳಿಯ 16 ವರ್ಷದ ಎಲ್ಸಿ ರೈಟ್ ಆ ಆಕೃತಿಗಳನ್ನು ನಕಲು ಮಾಡಿ, ರೆಕ್ಕೆ ಸೇರಿಸಿ, ರಟ್ಟಿನಿಂದ ಕತ್ತರಿಸಿ, ಟೋಪಿ ಪಿನ್ನಿನಿಂದ ಹಳ್ಳದ ದಂಡೆಯಲ್ಲಿ ನಿಲ್ಲಿಸಿದಳು. ಹಿಂದೆ ತನ್ನ ಸೋದರಸಂಬಂಧಿ, 9 ವರ್ಷದ ಫ್ರಾನ್ಸಿಸ್‌ಳನ್ನು ಕೂರಿಸಿ ಫೋಟೊ ತೆಗೆದಳು. ಕಿನ್ನರಿಯರ ನಿಜವಾದ ಫೋಟೊ ಎಂದು 1920ರಲ್ಲಿ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಬರೆದವರು ಷೆರ್ಲಾಕ್ ಹೋಮ್ಸ್‌ನ ಜನಕ ಆರ್ಥರ್ ಕಾನನ್ ಡಾಯ್ಲ್. ತಮಾಷೆಯೆಂದರೆ ಆ ಉಡುಗೊರೆ ಪುಸ್ತಕದಲ್ಲಿ ಡಾಯ್ಲ್ ಅವರ ಕಥೆಯೂ ಇತ್ತು. ತನ್ನ ಕಥೆಯಿದ್ದ ಪುಸ್ತಕವನ್ನೇ ಪತ್ತೆದಾರಿಯ ಪಿತಾಮಹ ಮಗುಚಿ ನೋಡಲಿಲ್ಲ! ಆ ಇಬ್ಬರು ಹುಡುಗಿಯರು ಗುಟ್ಟು ಬಿಟ್ಟುಕೊಟ್ಟದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಕಿನ್ನರಿ ಎಂದರೆ ಹೀಗೇ ಇರಬೇಕೆಂದು ಪುಸ್ತಕದ ಚಿತ್ರಗಳು ಜನರ ಕಣ್ಣನ್ನು ಎಷ್ಟು ಪಳಗಿಸಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಯುದ್ಧ ಮುಗಿದ ಮೇಲೆ ಹಳೆಯ ಅದ್ದೂರಿ ಮರಳಲಿಲ್ಲ. ರ‍್ಯಾಕಮ್ 1919ರ ‘ಸಿಂಡರೆಲ್ಲಾ’ ಮತ್ತು 1920ರ ‘ಮಲಗಿದ ಸುಂದರಿ’ಯನ್ನು ಬಹುಪಾಲು ಕಪ್ಪು ನೆರಳಿನ ಆಕೃತಿಗಳಲ್ಲೇ ಮುಗಿಸಿದರು. ಬಣ್ಣ ಕಡಿಮೆ, ಖರ್ಚು ಕಡಿಮೆ, ಆದರೂ ಅವರ ಅತ್ಯಂತ ಚುರುಕಾದ ಕೆಲಸಗಳಲ್ಲಿ ಇವು ಸೇರುತ್ತವೆ. 1918ರಲ್ಲಿ ಅವರು ಚಿತ್ರ ಬರೆದ ‘ಇಂಗ್ಲಿಷ್ ಕಿನ್ನರ ಕಥೆಗಳು’ ಸಂಗ್ರಹದ ಲೇಖಕಿ ಫ್ಲೋರಾ ಆ್ಯನಿ ಸ್ಟೀಲ್, ವರ್ಷಗಟ್ಟಲೆ ಪಂಜಾಬಿನಲ್ಲಿದ್ದು ಅಲ್ಲಿನ ಕಥೆಗಳನ್ನು ಮೊದಲೇ ಸಂಗ್ರಹಿಸಿದ್ದವರು. ಡ್ಯುಲಾಕ್ ಅಂಚೆಚೀಟಿಗಳಿಗೆ ತಿರುಗಿದರು. ಆರನೆಯ ಜಾರ್ಜ್ ದೊರೆಯ 1937ರ ಪಟ್ಟಾಭಿಷೇಕದ ಚೀಟಿ ಅವರದು.

ಕಿನ್ನರ ಲೋಕ ಅಷ್ಟರಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಗಿತ್ತು. 1935ರ ಯುರೋಪ್ ಪ್ರವಾಸದಿಂದ ವಾಲ್ಟ್ ಡಿಸ್ನಿ ನೂರಾರು ಸಚಿತ್ರ ಪುಸ್ತಕಗಳನ್ನು ಕೊಂಡು ತಂದು ತಮ್ಮ ಸ್ಟುಡಿಯೊ ಗ್ರಂಥಾಲಯಕ್ಕೆ ಸೇರಿಸಿದರು. ಪುಸ್ತಕ ಮಾತ್ರವಲ್ಲ, ಮನುಷ್ಯರೂ ಬಂದರು. ಬಾವರ್ ನಂತರ ಆ ಸ್ವೀಡಿಷ್ ವಾರ್ಷಿಕಕ್ಕೆ ಚಿತ್ರ ಬರೆಯುತ್ತಿದ್ದ ಗುಸ್ತಾಫ್ ಟೆಂಗ್ರೆನ್ 1936ರಲ್ಲಿ ಡಿಸ್ನಿ ಸಂಸ್ಥೆ ಸೇರಿದರು. 1937ರ ‘ಸ್ನೋ ವೈಟ್’ ಚಿತ್ರದಲ್ಲಿ ಹುಡುಗಿ ಓಡಿಹೋಗುವಾಗ ಬಟ್ಟೆ ಹಿಡಿದೆಳೆಯುವ ಮರಗಳನ್ನು ನೋಡಿದರೆ ಅವುಗಳ ಊರು ಯಾವುದೆಂದು ಕೇಳಬೇಕಾಗಿಲ್ಲ.

ಕೇ ನೀಲ್ಸನ್ ಕೂಡ 1937ರಲ್ಲಿ ಅದೇ ಸ್ಟುಡಿಯೊ ಸೇರಿ, ‘ಫ್ಯಾಂಟೇಸಿಯಾ’ದ ಬೋಳುಬೆಟ್ಟದ ರಾತ್ರಿಯ ದೃಶ್ಯಗಳನ್ನು ರೂಪಿಸಿದರು. ಆಂಡರ್‌ಸನ್ನರ ಮತ್ಸ್ಯಕನ್ಯೆಯ ಕಥೆಗೂ ಚಿತ್ರ ಬರೆದರು. ಆ ಸಿನಿಮಾ ಆಗ ಆಗಲಿಲ್ಲ. 1941ರಲ್ಲಿ ಕೆಲಸ ಹೋಯಿತು. ಕೋಳಿ ಸಾಕಿದರು, ಲಾಸ್ ಏಂಜಲೀಸಿನ ಶಾಲೆಗಳ ಗೋಡೆಗೆ ಚಿತ್ರ ಬರೆದರು, 1957ರಲ್ಲಿ ಬಡತನದಲ್ಲೇ ತೀರಿಕೊಂಡರು. ‘ಅರೇಬಿಯನ್ ನೈಟ್ಸ್’ಗೆ ಅವರು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಬರೆದಿದ್ದ ವರ್ಣಚಿತ್ರಗಳು ಪುಸ್ತಕವಾಗಿ ಬಂದದ್ದು 1977ರಲ್ಲಿ. ಡಿಸ್ನಿ ಸಂಸ್ಥೆ 1989ರಲ್ಲಿ ‘ಲಿಟಲ್ ಮರ್ಮೇಡ್’ ತೆಗೆದಾಗ ಉಗ್ರಾಣದಲ್ಲಿದ್ದ ಅವರ ಚಿತ್ರಗಳನ್ನು ಹೊರತೆಗೆದು ಬಳಸಿಕೊಂಡಿತು. ಪರದೆಯ ಮೇಲೆ ಅವರ ಹೆಸರೂ ಬಂತು.

ಹದಿನೈದು ಶಿಲ್ಲಿಂಗಿನ ಆ ಪುಸ್ತಕಗಳ ಸಹಿಯುಳ್ಳ ಪ್ರತಿಗಳು ಈಗ ಹರಾಜಿನ ಸರಕು. ನೋಡುವ ಆಸೆಯಷ್ಟೇ ಇದ್ದವರಿಗೆ ಹಣ ಬೇಕಿಲ್ಲ. ರ‍್ಯಾಕಮ್ ಅವರ ಗ್ರಿಮ್, ಡ್ಯುಲಾಕ್ ಅವರ ಆಂಡರ್‌ಸನ್, ನೀಲ್ಸನ್ ಅವರ ನಾರ್ವೆ ಕಥೆಗಳು ಮೂರೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಬಣ್ಣದ ಪುಟಗಳ ಸಮೇತ ಉಚಿತವಾಗಿ ಸಿಗುತ್ತವೆ.